ತಿಂಗಳಿಗೊಂದು ಮಿಲಿಮೀಟರ್

ಮಗಳ ಹಲ್ಲಿಗೆ ಕ್ಲಿಪ್ ಹಾಕಿಸುವ ಪಾಲಕರು ಮೊದಲು ಕೇಳುವುದು, ಇದನ್ನು ಬೇಗ ಮುಗಿಸಲು ಬರುತ್ತದೆಯೇ ಎಂದು. ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ ಶಿರಸಿಗೋ ಹುಬ್ಬಳ್ಳಿ-ಧಾರವಾಡಕ್ಕೋ ಒಂದೂವರೆ ಎರಡು ವರ್ಷ ಓಡಾಡಬೇಕಾದವರಿಗೆ ಆ ಪ್ರಶ್ನೆ ಸಹಜ. ಉತ್ತರ ದವಡೆಯ ಎಲುಬಿನಲ್ಲಿದೆ. ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿ.ಮೀ. ದಪ್ಪದ ನಾರಿನ ಪದರವಿದೆ. ತಂತಿ ಹಲ್ಲನ್ನು ದೂಡಿದಾಗ ಒತ್ತಡ ಬಿದ್ದ ಬದಿಯಲ್ಲಿ ಎಲುಬು ಕರಗಿಸುವ ಜೀವಕೋಶಗಳೂ, ಎಳೆತ ಬಿದ್ದ ಬದಿಯಲ್ಲಿ ಎಲುಬು ಕಟ್ಟುವ ಕೋಶಗಳೂ ಕೆಲಸಕ್ಕಿಳಿಯುತ್ತವೆ. ಅಡಿಕೆ ತೋಟದ ಕಾದಿಗೆಯ ಒಂದು ದಂಡೆ ಕಡಿದು ಇನ್ನೊಂದು ದಂಡೆಗೆ ಮಣ್ಣು ಹಾಕುತ್ತ ಹೋದರೆ ಕಾದಿಗೆಯೇ ಪಕ್ಕಕ್ಕೆ ಸರಿಯುತ್ತದಲ್ಲ, ಹಾಗೆ ಹಲ್ಲು ತನ್ನ ಗುಳಿಯ ಸಮೇತ ಸರಿಯುತ್ತದೆ. ವೇಗ ತಿಂಗಳಿಗೆ ಸುಮಾರು 1 ಮಿ.ಮೀ. ಜಾಗಕ್ಕಾಗಿ ಕಿತ್ತ ಮುಂದವಡೆ ಹಲ್ಲಿನ ಅಗಲ 7 ಮಿ.ಮೀ. ಆಸುಪಾಸು, ಆ ಸಂದು ಮುಚ್ಚಲಿಕ್ಕೇ ಆರೇಳು ತಿಂಗಳು ಬೇಕು. ತಂತಿಯನ್ನು ಇನ್ನಷ್ಟು ಬಿಗಿದರೆ ಆ ನಾರಿನ ಪದರದ ರಕ್ತನಾಳಗಳು ಅದುಮಿಹೋಗಿ ಹಲ್ಲು ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ಬೇರಿನ ತುದಿ ಸವೆಯುವ ಅಪಾಯವೂ ಇದೆ.

ವೇಗ ಹೆಚ್ಚಿಸುವ ಉಪಾಯಗಳು ಹಲವಿವೆ, ಎಲ್ಲದರ ಹಿಂದೆಯೂ ಒಂದೇ ಬಗೆಯ ಸಾಕ್ಷ್ಯವಿಲ್ಲ. ಗಾಯವಾದ ಎಲುಬು ವಾಸಿಯಾಗುವಾಗ ಅಲ್ಲಿ ಕರಗುವ, ಕಟ್ಟುವ ಕೆಲಸ ಚುರುಕಾಗುತ್ತದೆ ಎಂಬುದನ್ನು ಹೆರಾಲ್ಡ್ ಫ್ರಾಸ್ಟ್ 1983ರಲ್ಲಿ ವಿವರಿಸಿದರು. ವಸಡು ಬಿಡಿಸಿ ಎಲುಬಿನ ಹೊರಪದರಕ್ಕೆ ಗೀರು ಹಾಕುವ ಶಸ್ತ್ರಚಿಕಿತ್ಸೆ ಈ ಗುಣವನ್ನೇ ಬಳಸುತ್ತದೆ. ಅದರಿಂದ ಹಲ್ಲು ಬೇಗ ಸರಿಯುವುದು ನಿಜ, ಆದರೆ ಆ ಚುರುಕು ಕೆಲವೇ ತಿಂಗಳದ್ದು. ಶಾಲೆಗೆ ಹೋಗುವ ಮಕ್ಕಳಿಗೆ ಅಷ್ಟು ನೋವು, ಅಷ್ಟು ಖರ್ಚು ತಕ್ಕುದೆಂದು ನನಗನಿಸುವುದಿಲ್ಲ. ಎಲುಬಿಗೆ ಸಣ್ಣ ತೂತು ಹಾಕಿದರೆ ವೇಗ 2.3 ಪಟ್ಟಾಗುತ್ತದೆ ಎಂದು 2013ರ ಅಧ್ಯಯನವೊಂದು ಹೇಳಿತ್ತು. ಅದು ನೋಡಿದ್ದು 20 ಮಂದಿಯನ್ನು, 28 ದಿನ ಮಾತ್ರ. ಮುಂದಿನ ಹಲವು ಪರೀಕ್ಷೆಗಳಲ್ಲಿ ಆ ಲಾಭ ಉಳಿಯಲಿಲ್ಲ. ದಿನಕ್ಕೆ 20 ನಿಮಿಷ ಕಚ್ಚಿಕೊಳ್ಳುವ ಕಂಪನ ಯಂತ್ರವನ್ನು ಬ್ರಿಟನ್ನಿನಲ್ಲಿ 20 ವರ್ಷದೊಳಗಿನ 81 ಮಂದಿಯ ಮೇಲೆ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹಲ್ಲು ಬೇಗ ಸಾಲಾಗಲೂ ಇಲ್ಲ, ನೋವು ಕಡಿಮೆಯಾಗಲೂ ಇಲ್ಲ.

ದೂರದಿಂದ ಬರುವವರಿಗೆ ಒಂದು ತಿಂಗಳು ಉಳಿದರೂ ದೊಡ್ಡದೇ ಎನ್ನಬಹುದು. ಒಪ್ಪುತ್ತೇನೆ. ಹಾಗಿದ್ದರೆ ತಿಂಗಳುಗಳು ಎಲ್ಲಿ ಸೋರಿಹೋಗುತ್ತವೆ ಎಂಬುದನ್ನು ನೋಡೋಣ. ಕಿತ್ತುಬಂದ ಬ್ರಾಕೆಟ್ಟು (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ತುಣುಕು), ತಪ್ಪಿದ ಭೇಟಿ ಇವೆರಡೂ ಚಿಕಿತ್ಸೆಯನ್ನು ಉದ್ದ ಮಾಡುತ್ತವೆ ಎಂಬುದಕ್ಕೆ ಯಾವ ಯಂತ್ರಕ್ಕೂ ಇಲ್ಲದಷ್ಟು ಆಧಾರವಿದೆ. ಚಾಲಿ ಅಡಿಕೆ, ಕಬ್ಬು, ಚಕ್ಕುಲಿ, ಹಲಸಿನ ಚಿಪ್ಸ್ ಕಡಿಯುವ ನಮ್ಮ ಮನೆಗಳಲ್ಲಿ ಬ್ರಾಕೆಟ್ ಕೀಳುವುದು ಸುಲಭ. ಮಳೆಗಾಲದಲ್ಲಿ ಭೇಟಿ ತಪ್ಪುವುದು ಅದಕ್ಕಿಂತ ಸುಲಭ. ಹಗುರ ಬಲವನ್ನು ಬಹುಕಾಲ ಕೊಡುವ ನಿಕಲ್-ಟೈಟಾನಿಯಂ ತಂತಿ ಬಂದಮೇಲೆ, ಅನೇಕರಿಗೆ ಚಿಕಿತ್ಸೆಯ ಆರಂಭದಲ್ಲಿ ಆರರಿಂದ ಎಂಟು ವಾರಕ್ಕೊಮ್ಮೆ ತೋರಿಸಿದರೂ ಸಾಕಾಗುತ್ತದೆ. ಕ್ಲಿಪ್ ಹಾಕಿಸುವ ಮೊದಲೇ ಈ ಅಂತರದ ಬಗ್ಗೆ ವೈದ್ಯರನ್ನು ಕೇಳಿ. ಬ್ರಾಕೆಟ್ ಕಿತ್ತರೆ ಮುಂದಿನ ಭೇಟಿಗೆ ಕಾಯದೆ ಅದೇ ದಿನ ಫೋನ್ ಮಾಡಿ.