ಫ್ಲೂ ಜ್ವರದ ಹಾವಳಿ: ಮನೆಯಲ್ಲಿ ಪಾಲಿಸಬೇಕಾದ ಕೆಲವು ರೂಢಿಗಳು

ಬೇವೂರು, ಯಲಬುರ್ಗಾ, ಕುಷ್ಟಗಿ ಕಡೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಮತ್ತು ಕಡಲೆಯ ಸುಗ್ಗಿ ನಡೆಯುವುದು ಜನವರಿಯಿಂದ ಮಾರ್ಚ್‌ವರೆಗೆ. ನಮ್ಮ ದೇಶದಲ್ಲಿ ಇನ್‌ಫ್ಲುಯೆಂಜಾ ಅಂದರೆ ಫ್ಲೂ ಜ್ವರ ಹೆಚ್ಚಾಗುವ ಎರಡು ಕಾಲಗಳಲ್ಲಿ ಒಂದು ಇದೇ. ಇನ್ನೊಂದು ಮಳೆಗಾಲ ಮತ್ತು ಅದರ ಕೊನೆಯ ದಿನಗಳು. ಆಗ ಹೆಸರು ಬಿಡಿಸುವ, ಹಿಂಗಾರಿ ಬಿತ್ತನೆಗೆ ಹೊಲ ಸಜ್ಜುಗೊಳಿಸುವ ಕೆಲಸವಿರುತ್ತದೆ. ಆಳು ಸಿಗದೆ ಒದ್ದಾಡುವ ಸಮಯದಲ್ಲಿಯೇ ಮನೆಮಂದಿಯೆಲ್ಲ ಹಾಸಿಗೆ ಹಿಡಿದರೆ ಆಗುವ ಹಾನಿ ನಿಮಗೆ ತಿಳಿಯದ್ದಲ್ಲ.

ಈ ಬೇನೆಯನ್ನು ಬರೀ ನೆಗಡಿ ಎಂದು ಅಲಕ್ಷಿಸುವವರು 1918ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷದ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಫ್ಲೂ, ಮಳೆ ಕೈಕೊಟ್ಟು ಜನ ಅನ್ನಕ್ಕೆ ಪರದಾಡುತ್ತಿದ್ದ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಭೀಕರ ರೂಪ ತಾಳಿ ದೇಶದ ತುಂಬ ಹಬ್ಬಿತು. ಸತ್ತವರು ಒಂದು ಕೋಟಿಗೂ ಮೇಲ್ಪಟ್ಟು. 1911ರ ಜನಗಣತಿಯಲ್ಲಿ 25.2 ಕೋಟಿಯಿದ್ದ ಜನಸಂಖ್ಯೆ 1921ರಲ್ಲಿ 25.1 ಕೋಟಿಗೆ ಇಳಿಯಲು ಈ ಜ್ವರವೇ ಮುಖ್ಯ ಕಾರಣ. ಮುದುಕರು, ಕೂಸುಗಳಷ್ಟೇ ಅಲ್ಲ, 20ರಿಂದ 40ರ ಪ್ರಾಯದ ದುಡಿಯುವವರೇ ಬಹಳ ಮಂದಿ ತೀರಿಹೋದರು.

ಅದಕ್ಕೂ ಮೊದಲು ಪ್ಲೇಗು ಬಂದಾಗ ನಮ್ಮ ಹಿರಿಯರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಜೀವ ಉಳಿಸಿಕೊಂಡರು. ಪ್ಲೇಗು ಮನೆಯ ಇಲಿಯ ಚಿಗಟದಿಂದ ಬರುವುದಾದ್ದರಿಂದ ಆ ಉಪಾಯ ಫಲಿಸಿತು. ಫ್ಲೂ ಹಾಗಲ್ಲ, ಅದು ಮನುಷ್ಯನ ಉಸಿರಿನೊಡನೆಯೇ ಗುಡಿಸಲಿಗೂ ಬರುತ್ತದೆ. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟುವುದರಿಂದ ತೊಂದರೆಯೇನೂ ಇಲ್ಲ. ಬೇವೂರಿನ ಹೆಸರಿನಲ್ಲಿಯೇ ಬೇವಿದೆ. ಆದರೆ ಅದರಿಂದ ಫ್ಲೂ ತಡೆಯುವುದಿಲ್ಲ.

ಮುಖ್ಯವಾಗಿ ತಿಳಿಯಬೇಕಾದ್ದೆಂದರೆ, ಫ್ಲೂ ತಗಲಿದವನು ಜ್ವರ ಕಾಣಿಸಿಕೊಳ್ಳುವ ಒಂದು ದಿನ ಮೊದಲೇ ಅದನ್ನು ಇತರರಿಗೆ ಹರಡಬಲ್ಲ. ನಂತರವೂ ಐದಾರು ದಿನ ಹರಡುತ್ತಾನೆ. ಮಕ್ಕಳಲ್ಲಿ ಈ ಅವಧಿ ಇನ್ನೂ ದೀರ್ಘ. ಆದ್ದರಿಂದ ಯಾರಾದರೂ ಮಲಗಿದ ಮೇಲೆ ಎಚ್ಚರ ವಹಿಸಿದರೆ ಅರ್ಧ ಕಾಲ ಮೀರಿರುತ್ತದೆ. ಊರಲ್ಲಿ ಜ್ವರದ ಸುದ್ದಿ ಬಂದ ದಿನದಿಂದಲೇ, ಎಲ್ಲರೂ ಗಟ್ಟಿಮುಟ್ಟಾಗಿರುವಾಗಲೇ, ಈ ರೂಢಿಗಳನ್ನು ಮನೆಯಲ್ಲಿ ಜಾರಿಗೆ ತರಬೇಕು.

ಮೊದಲನೆಯದು ಗಾಳಿ. ನಮ್ಮ ಮಣ್ಣಿನ ಮಾಳಿಗೆ ಮನೆಗಳಲ್ಲಿ ಕಿಟಕಿ ಕಡಿಮೆ. ಚಳಿಯೆಂದು ಬೆಳಕಿಂಡಿಯನ್ನೂ ಮುಚ್ಚಿ, ಒಂದೇ ಕೋಣೆಯಲ್ಲಿ ಎಂಟು ಜನ ಒತ್ತಾಗಿ ಮಲಗುತ್ತೇವೆ. ಒಬ್ಬನು ಕೆಮ್ಮಿದ ಗಾಳಿಯನ್ನೇ ರಾತ್ರಿಯಿಡೀ ಉಳಿದವರು ಸೇವಿಸಬೇಕಾಗುತ್ತದೆ. ಬೆಳಕಿಂಡಿ ತೆರೆದಿಟ್ಟು, ಬೇಕಾದರೆ ಇನ್ನೊಂದು ಕೌದಿ ಹೊದೆಯಿರಿ. ಹಗಲು ಹಿಂದುಮುಂದಿನ ಬಾಗಿಲುಗಳೆರಡನ್ನೂ ತೆಗೆದಿಟ್ಟರೆ ಗಾಳಿ ಹಾಯುತ್ತದೆ. ಕೈ ತೊಳೆಯುವ ಬಗ್ಗೆ ಎಲ್ಲರೂ ಹೇಳುತ್ತಾರೆ, ಬೆಳಕಿಂಡಿಯ ಮಾತು ಎತ್ತುವವರು ವಿರಳ.

ಕೈ ತೊಳೆಯುವುದೂ ಅವಶ್ಯವೇ. ಫ್ಲೂ ವೈರಸ್ಸಿನ ಮೇಲೆ ಜಿಡ್ಡಿನ ಕವಚವಿದೆ. ಎಣ್ಣೆಯ ಪಾತ್ರೆ ಬರೀ ನೀರಿನಿಂದ ಸ್ವಚ್ಛವಾಗದು. ಹಾಗೆಯೇ ಇದಕ್ಕೂ ಸಾಬೂನು ಬೇಕು. ಕನಿಷ್ಠ 20 ಸೆಕೆಂಡು ಉಜ್ಜಬೇಕು. ಹೊಲದಲ್ಲಿ ಸಾಬೂನು ಇಲ್ಲದಿದ್ದರೆ ಒಲೆಯ ಬೂದಿಯಾದರೂ ಆದೀತು, ಗುಣದಲ್ಲಿ ಸಾಬೂನಿಗೆ ಸಮನಲ್ಲ. ಸ್ಟೀಲು, ಪ್ಲಾಸ್ಟಿಕ್ಕಿನಂಥ ನುಣುಪಾದ ವಸ್ತುಗಳ ಮೇಲೆ ಈ ವೈರಸ್ಸು ಒಂದೆರಡು ದಿನ ಬದುಕಬಲ್ಲದು. ಕಡಲೆ ಕೀಳುವ ಹೊಲದಲ್ಲಿ ಹತ್ತಾಳಿಗೆ ಒಂದೇ ಚರಿಗೆ ಇಡುವ ಪದ್ಧತಿ ಇದರಿಂದಲೇ ಕೆಟ್ಟದ್ದು. ಪ್ರತಿಯೊಬ್ಬರೂ ಬುತ್ತಿಯೊಡನೆ ತಮ್ಮ ಲೋಟವನ್ನೂ ತರಲಿ. ಇದರ ಖರ್ಚು ಏನೂ ಇಲ್ಲ.

ಕೆಮ್ಮು, ಸೀನು ಬಂದಾಗ ಬಾಯಿಗೆ ಟವೆಲ್ ಅಥವಾ ಸೆರಗು ಹಿಡಿಯಬೇಕು. ಇಲ್ಲವೇ ಮೊಳಕೈಯ ಮಡಿಕೆಯಲ್ಲಿ ಸೀನಬೇಕು, ಅಂಗೈಯಲ್ಲಿ ಅಲ್ಲ. ಬೆಳೆಗೆ ಔಷಧ ಸಿಂಪಡಿಸುವಾಗ ಕಟ್ಟಿಕೊಂಡ ಬಟ್ಟೆಯನ್ನು ಮಾತ್ರ ಈ ಕೆಲಸಕ್ಕೆ ಎಂದೂ ಬಳಸಬೇಡಿರಿ. ಪಡಸಾಲೆಯ ಮೂಲೆಯಲ್ಲಿ ಎಲೆಯಡಿಕೆ ಉಗುಳುವ ರೂಢಿಯನ್ನು ಈ ನೆವದಿಂದಲಾದರೂ ಬಿಟ್ಟರೆ ಒಳಿತು.

ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಅವರ ಹಾಸಿಗೆಯನ್ನು ಗಾಳಿ ಆಡುವ ಕಡೆ, ಇತರರಿಂದ ಎರಡು ಮಾರು ದೂರದಲ್ಲಿ ಹಾಕಿರಿ. ಆರೈಕೆಗೆ ಒಬ್ಬರೇ ಇರಲಿ; ಆ ಒಬ್ಬರು ಗರ್ಭಿಣಿಯಾಗಲಿ, ವೃದ್ಧರಾಗಲಿ ಆಗಬಾರದು. ರೋಗಿಯ ಬಟ್ಟೆಬರೆಗಳನ್ನು ಸಾಬೂನು ಹಾಕಿ ಒಗೆದು ಬಿಸಿಲಿಗೆ ಹರವಬೇಕು. ಗಂಜಿ, ಅಂಬಲಿ, ತಿಳಿ ಮಜ್ಜಿಗೆ ಮೇಲಿಂದ ಮೇಲೆ ಕುಡಿಸಿರಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಮಕ್ಕಳಿಗೆ ಆಸ್ಪಿರಿನ್ ಕೊಡಲೇಕೂಡದು. ‘ಸೂಜಿ ಮಾಡಿಸಿದರೇ ಗುಣ’ ಎಂಬ ನಂಬಿಕೆಯಿಂದ ಹಣ ಕಳೆದುಕೊಳ್ಳುವವರು ಬಹಳ. ಆಂಟಿಬಯೋಟಿಕ್ ಔಷಧಿಗಳು ಬ್ಯಾಕ್ಟೀರಿಯಾ ಕೊಲ್ಲುತ್ತವೆಯೇ ಹೊರತು ಫ್ಲೂ ವೈರಸ್ಸನ್ನಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಜ್ವರವಿದ್ದವನು ಮನೆಯಲ್ಲಿ ಉಳಿಯುವುದು. ಕೂಲಿ ಹೋಗುತ್ತದೆ, ಮುಯ್ಯಾಳಿನ ಋಣ ಉಳಿಯುತ್ತದೆ. ಆದರೆ ಮೈ ಕಾದವನೊಬ್ಬ ಟಂಟಂ ಗಾಡಿಯಲ್ಲಿ ಹದಿನೈದು ಜನರ ನಡುವೆ ಕುಳಿತು ಬಂದರೆ ಎರಡು-ಮೂರು ದಿನದಲ್ಲಿ ನಿಮ್ಮ ಅರ್ಧ ಗುಂಪೇ ಮಲಗಬಹುದು. ಮಾತ್ರೆಯ ಸಹಾಯವಿಲ್ಲದೆ ಜ್ವರ ಬಿಟ್ಟು ಒಂದು ಪೂರ್ಣ ದಿನ ಕಳೆಯುವವರೆಗೆ ಅವನನ್ನು ಕೆಲಸಕ್ಕೆ ಕರೆಯಬೇಡಿರಿ. ಆ ದಿನಗಳ ಕೂಲಿಯಲ್ಲಿ ಸ್ವಲ್ಪವನ್ನಾದರೂ ಕೊಡುವುದು ಹೊಲದ ಒಡೆಯನಿಗೆ ಲಾಭದ ಲೆಕ್ಕವೇ.

ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಲಸಿಕೆಯೂ ಇದೆ. ಗರ್ಭಿಣಿಯರು, ವೃದ್ಧರು, ಸಕ್ಕರೆ ಕಾಯಿಲೆ ಅಥವಾ ಉಬ್ಬಸ ಇದ್ದವರು ವೈದ್ಯರಲ್ಲಿ ವಿಚಾರಿಸಬೇಕು. 2020ರ ಪಿಡುಗಿನ ನಂತರ ಹಾಕಿಸಿಕೊಂಡ ಕೊರೋನಾ ಲಸಿಕೆ ಫ್ಲೂ ಜ್ವರಕ್ಕೆ ನಡೆಯದು.

ಸಾಮಾನ್ಯವಾಗಿ ಐದಾರು ದಿನಗಳಲ್ಲಿ ಜ್ವರ ಇಳಿಯುತ್ತದೆ, ಕೆಮ್ಮು ಎರಡು ವಾರ ಉಳಿಯಬಹುದು. ಉಸಿರಾಟಕ್ಕೆ ತೊಂದರೆ, ಎದೆನೋವು, ತುಟಿ ನೀಲಿಯಾಗುವುದು, ಮಗು ಹಾಲು-ನೀರು ಕುಡಿಯದಿರುವುದು, ಇಳಿದ ಜ್ವರ ಮತ್ತೆ ಏರುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಮೇಲೆ ಹೇಳಿದ ಗರ್ಭಿಣಿ ಮೊದಲಾದವರು ಮತ್ತು ಐದು ವರ್ಷದೊಳಗಿನ ಮಕ್ಕಳಾದರೆ ಈ ಲಕ್ಷಣಗಳಿಗೂ ಕಾಯಬಾರದು. ಫ್ಲೂ ವೈರಸ್ಸನ್ನು ತಡೆಯುವ ಓಸೆಲ್ಟಾಮಿವಿರ್ ಔಷಧಿ ಜ್ವರ ಬಂದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಗುಣಕಾರಿ. ಜ್ವರ ಯಾವ ದಿನ, ಯಾವ ಹೊತ್ತಿಗೆ ಶುರುವಾಯಿತೆಂದು ಗುರುತು ಹಾಕಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಿಳಿಸಿರಿ.