ಬಾಣಂತನ ಬಿಟ್ಟು ಸೇವೆಗೆ ಹೊರಟ ಅಜ್ಜಿ

ನಿಮ್ಮ ಯಜಮಾನರು ನಿವೃತ್ತರಾಗಿ ಮನೆಯಲ್ಲೇ ಇದ್ದಾರೆಯೇ? ಹಾಗಾದರೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ! ಹತ್ತಕ್ಕೆ ಕಾಫಿ, ಹನ್ನೊಂದಕ್ಕೆ “ನನ್ನ ಕನ್ನಡಕ ಎಲ್ಲಿಟ್ಟೆ?”, ಊಟದ ಹೊತ್ತಿಗೆ ಸಾರಿಗೆ ಉಪ್ಪು ಸಾಲದು. ಇಂಥವರ ಜೊತೆ ಗುರುತು ಪರಿಚಯವಿಲ್ಲದ ಹಳ್ಳಿಯಲ್ಲಿ ಒಂದೂವರೆ ವರ್ಷ, ಸ್ವಂತ ಖರ್ಚಿನಲ್ಲಿ, ಊರವರ ಚಾಕರಿ ಮಾಡಿಕೊಂಡಿರಿ ಎಂದರೆ ಏನಂತೀರಿ?

ಮಗಳ ಬಾಣಂತನಕ್ಕೆಂದು ಅಮೆರಿಕದ ಯೂಟಾ ರಾಜ್ಯಕ್ಕೆ ಹೋಗಿದ್ದಾಗ, ಹಾಗಿದ್ದು ಬಂದ ಒಬ್ಬಾಕೆ ಪಕ್ಕದ ಮನೆಯಲ್ಲೇ ಸಿಕ್ಕರು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಆಕೆ ಮಾರ್ಮನ್ ಪಂಥದವರು. 1830ರಲ್ಲಿ ಹುಟ್ಟಿದ ಈ ಕ್ರೈಸ್ತ ಪಂಥದ ಕೇಂದ್ರ ಅಲ್ಲಿನ ಸಾಲ್ಟ್ ಲೇಕ್ ಸಿಟಿ. ನಮ್ಮ ಬೆಂಗಳೂರಿನಲ್ಲೂ 1993ರಿಂದ ಅವರ ಮಿಷನ್ ಇದೆ. ಅವರಲ್ಲಿ ಹುಡುಗರು ಎರಡು ವರ್ಷ, ಹುಡುಗಿಯರು ಹದಿನೆಂಟು ತಿಂಗಳು ಧರ್ಮಪ್ರಚಾರಕ್ಕೆ ಹೋಗುವುದುಂಟು. ಮಕ್ಕಳೆಲ್ಲ ದೊಡ್ಡವರಾದ ಮೇಲೆ ಗಂಡ-ಹೆಂಡತಿ ಜೋಡಿಯಾಗಿಯೂ ಹೋಗಬಹುದು. ಇವರೇ ಹಿರಿಯ ಮಿಷನರಿ ದಂಪತಿಗಳು. ಮನೆಮನೆ ಬಾಗಿಲು ತಟ್ಟುವ ಕೆಲಸ ಇವರಿಗೆ ಅಷ್ಟಾಗಿ ಇಲ್ಲ. ಸಣ್ಣ ಊರಿನ ಸಭೆಗೆ ಒತ್ತಾಸೆಯಾಗಿರುವುದು, ಕಾಯಿಲೆಯವರನ್ನು ನೋಡಿಕೊಂಡು ಬರುವುದು, ಇಂಥವು. ನಮ್ಮ ಹಿರಿಯರು ವಾನಪ್ರಸ್ಥ ಅಂದರಲ್ಲ, ಅದನ್ನು ಕಾರು ಓಡಿಸಿಕೊಂಡು ಮಾಡಿದ ಹಾಗೆ ಅನ್ನಿಸಿತು ನನಗೆ!

ಆದರೆ ಈಕೆ ಹೊರಟಾಗ ಮಗಳಿಗೆ ಏಳು ತಿಂಗಳು. ನನಗೆ ತಡೆಯಲಾಗಲಿಲ್ಲ, “ಅದು ಹೇಗ್ರೀ ಬಿಟ್ಟು ಹೋದಿರಿ?” ಎಂದು ಕೇಳಿಯೇಬಿಟ್ಟೆ. ಮಗಳು ಒಂದು ವಾರ ಮಾತು ಬಿಟ್ಟಿದ್ದಳಂತೆ. ಆಮೇಲೆ ತಾನೇ ಬಂದು ಪೆಟ್ಟಿಗೆ ಕಟ್ಟಿಕೊಟ್ಟಳಂತೆ. ಮಗು ಹುಟ್ಟಿದ್ದನ್ನು ಈಕೆ ಫೋನಿನಲ್ಲಿ ನೋಡಿದ್ದು.

ಹೋದದ್ದು ಅರಿಜೋನಾದ ನವಾಹೊ ಸೀಮೆಗೆ. ಅಮೆರಿಕದ ಮೂಲನಿವಾಸಿಗಳ ನಾಡು ಅದು. ವಿಸ್ತಾರ ಸುಮಾರು 70 ಸಾವಿರ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿಗಿಂತ ಹೆಚ್ಚು! ಕೆಂಪು ಮಣ್ಣು, ಬಂಡೆ, ಮೈಲಿಗಟ್ಟಲೆ ದೂರಕ್ಕೊಂದು ಮನೆ. ಅಷ್ಟು ಸಿರಿವಂತ ದೇಶದಲ್ಲೂ ಅಲ್ಲಿನ ಎಷ್ಟೋ ಮನೆಗಳಿಗೆ ಇನ್ನೂ ನಲ್ಲಿ ನೀರಿಲ್ಲ, ಗಾಡಿಯಲ್ಲಿ ಪೀಪಾಯಿ ಇಟ್ಟುಕೊಂಡು ಹೋಗಿ ತುಂಬಿಸಿ ತರಬೇಕು. ಅವರ ಸಾಂಪ್ರದಾಯಿಕ ಮನೆಗೆ ಹೋಗನ್ ಎಂದು ಹೆಸರು. ಬಾಗಿಲು ಪೂರ್ವಕ್ಕೇ ಇರಬೇಕು. ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ, ನಮ್ಮ ತುಳುನಾಡಿನ ಅಳಿಯಕಟ್ಟಿನವರ ಹಾಗೆ.

ಮೊದಲ ತಿಂಗಳುಗಳಲ್ಲಿ ಅತ್ತದ್ದೇ ಅತ್ತದ್ದಂತೆ. ಹೋದ ಮನೆಯಲ್ಲೆಲ್ಲ ಪ್ರೀತಿಯಿಂದ ಕಾಫಿ ಕೊಡುತ್ತಾರೆ, ಮಾರ್ಮನ್ನರಿಗೋ ಕಾಫಿ, ಟೀ ಎರಡೂ ನಿಷಿದ್ಧ! ಬೇಡವೆಂದರೆ ಬೇಜಾರು. ಕೊನೆಗೆ “ಬರೀ ಬಿಸಿನೀರು ಕೊಡಿ” ಎಂದು ಕೇಳಲು ಕಲಿತರು. ಮನೆಯಲ್ಲಿ ಒಂದು ಲೋಟ ತೊಳೆಯದ ಯಜಮಾನರು ಅಲ್ಲಿ ಸೌದೆ ಒಡೆದರು, ಮುದುಕಿಯರ ಬಾಗಿಲ ತಿರುಗಣಿ ಸರಿಮಾಡಿದರು, ರಾತ್ರಿ ಪಾತ್ರೆ ಬೆಳಗಿದರು. ಈ ಭಾಗವನ್ನು ಹೇಳುವಾಗ ಆಕೆಯ ಮುಖ ನೋಡಬೇಕಿತ್ತು ನೀವು.

ಒಂದು ಮನೆಯ ಅಜ್ಜಿ ಮಾತ್ರ ನೀರಿನ ಪೀಪಾಯಿ ಇಳಿಸಿಕೊಳ್ಳುವರು, ಒಳಗೆ ಕರೆಯರು. ಕಾರಣ ಬಹಳ ದಿನದ ಮೇಲೆ ಅವರ ಮೊಮ್ಮಗಳಿಂದ ತಿಳಿಯಿತು. ಇದೇ ಪಂಥದವರು 1954ರಲ್ಲಿ ಅಧಿಕೃತವಾಗಿ ಒಂದು ಯೋಜನೆ ಆರಂಭಿಸಿದ್ದರು. ಮೂಲನಿವಾಸಿಗಳ ಮಕ್ಕಳನ್ನು ಶಾಲೆಯ ದಿನಗಳಲ್ಲಿ ಬಿಳಿಯರ ಮಾರ್ಮನ್ ಮನೆಗಳಲ್ಲಿಟ್ಟು ಓದಿಸುವುದು. ಸಾವಿರಾರು ಮಕ್ಕಳು ಹಾಗೆ ಹೋದರು. ಓದು ಸಿಕ್ಕಿತೆಂದು ನೆನೆಯುವವರೂ ಇದ್ದಾರೆ, ಭಾಷೆ, ತಾಯಿಮಡಿಲು ಎರಡೂ ಹೋಯಿತೆಂದು ಕೊರಗುವವರೂ ಇದ್ದಾರೆ. 1990ರ ದಶಕದಲ್ಲಿ ಅದು ನಿಂತುಹೋಯಿತು. ಈ ಅಜ್ಜಿ ಎಂಟನೆಯ ವರ್ಷಕ್ಕೇ ಹಾಗೆ ಹೋದವರು. ತಿರುಗಿ ಬಂದಾಗ ತನ್ನ ಅಜ್ಜಿಯ ಮಾತು ಅರ್ಥವಾಗುತ್ತಿರಲಿಲ್ಲವಂತೆ!

“ಆಮೇಲೆ ನೀವು ಏನು ಹೇಳಿದಿರಿ?” ಎಂದೆ.

“ಏನು ಹೇಳಲಿ? ಮಾರನೆಯ ವಾರವೂ ನೀರು ತೆಗೆದುಕೊಂಡು ಹೋದೆ.”

ಧರ್ಮದ ಪುಸ್ತಕವನ್ನು ಆ ಮನೆಗೆ ಒಯ್ಯಲೇ ಇಲ್ಲವಂತೆ. ಇದು ನನಗೆ ಬಹಳ ಹಿಡಿಸಿತು. ನಿಜ ಹೇಳಬೇಕೆಂದರೆ, ಮತಕ್ಕೆ ಸೇರಿಸುವುದಕ್ಕೆಂದೇ ಮಾಡುವ ಉಪಕಾರದ ಬಗ್ಗೆ ನನಗೆ ಮೊದಲಿಂದಲೂ ಅನುಮಾನ. ಚಳಿಗಾಲದ ಒಂದು ದಿನ ಅಜ್ಜಿ ಒಳಗೆ ಕರೆದು, ಉಣ್ಣೆ ಹಿಂಜುವ ಹಲಗೆಗಳನ್ನು ಕೈಗೆ ಕೊಟ್ಟರು. ಮಗ್ಗದ ಮುಂದೆ ಅಜ್ಜಿ, ಪಕ್ಕದಲ್ಲಿ ಈಕೆ. ಅಜ್ಜಿ ಇವರ ಸಭೆಗೆ ಒಂದು ದಿನವೂ ಬರಲಿಲ್ಲ.

ಊರಿಗೆ ಮರಳಿದಾಗ ಮೊಮ್ಮಗ ಅಜ್ಜಿಯನ್ನು ಕಂಡು ಚೀರಿ ಅಮ್ಮನ ಹಿಂದೆ ಅಡಗಿದನಂತೆ. ಹತ್ತಿರಕ್ಕೆ ಬರಲು ಎರಡು ತಿಂಗಳು ಹಿಡಿಯಿತು. “ಮತ್ತೆ ಕರೆದರೆ ಹೋಗುತ್ತೀರಾ?” ಎಂದದ್ದಕ್ಕೆ ಆಕೆ ಉತ್ತರ ಕೊಡದೆ, ನನ್ನ ಮೊಮ್ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಹೋದರು.

ಅಜ್ಜಿ ಕಲಿಸಿದ ನವಾಹೊ ರೊಟ್ಟಿಯನ್ನು ಆಕೆ ನನಗೂ ಕಲಿಸಿದರು. 1864ರಲ್ಲಿ ಸೈನ್ಯ ಈ ಜನರನ್ನು ನಾಡಿನಿಂದ ಹೊರಗಟ್ಟಿ ನಾಲ್ಕು ವರ್ಷ ಕೂಡಿಹಾಕಿತ್ತು. ಆಗ ಪಡಿತರವಾಗಿ ಸಿಕ್ಕ ಹಿಟ್ಟು, ಕೊಬ್ಬಿನಿಂದ ಹುಟ್ಟಿದ ತಿಂಡಿಯಂತೆ ಇದು. ಎರಡು ಬಟ್ಟಲು ಮೈದಾ, ಎರಡು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಉಪ್ಪು. ಉಗುರುಬೆಚ್ಚಗಿನ ನೀರು ಚಿಮುಕಿಸಿ ಮೆತ್ತಗೆ ಕಲಸಿ, ಹೆಚ್ಚು ನಾದಬೇಡಿ. ಅರ್ಧ ಗಂಟೆ ಮುಚ್ಚಿಡಿ. ಲಟ್ಟಣಿಗೆ ಬೇಡ, ಅಂಗೈಯಲ್ಲೇ ತಟ್ಟಿ, ನಡುವೆ ಬೆರಳಲ್ಲಿ ಸಣ್ಣ ತೂತು ಮಾಡಿ ಕಾದ ಎಣ್ಣೆಯಲ್ಲಿ ಎರಡೂ ಕಡೆ ಹೊಂಬಣ್ಣಕ್ಕೆ ಕರಿಯಿರಿ. ಜೇನುತುಪ್ಪದ ಜೊತೆ ಬಿಸಿಯಾಗಿರುವಾಗಲೇ ತಿನ್ನಿ, ಆರಿದರೆ ಚರ್ಮದಂತಾಗುತ್ತದೆ.