ಹುಬ್ಬಳ್ಳಿಯಿಂದ ಅಂಕೋಲೆಗೆ: ಒಂದು ಹೆದ್ದಾರಿಯ ಹೊರೆ

ಪಂಜಾಬಿನ ಸಂಗ್ರೂರಿನಲ್ಲಿ ಹೊರಟು ಭರತಖಂಡದ ಬಹುಭಾಗವನ್ನು ದಾಟಿ ಬರುವ 52ನೆಯ ರಾಷ್ಟ್ರೀಯ ಹೆದ್ದಾರಿಯು ನಮ್ಮ ಅಂಕೋಲೆಯಲ್ಲಿ ಕಡಲ ನೆರೆಯನ್ನು ಮುಟ್ಟಿ ಮುಗಿಯುತ್ತದೆ. ಅಂಕೆಯು ಈಚಿನದು; ಹುಬ್ಬಳ್ಳಿ-ಅಂಕೋಲೆಯ ಭಾಗಕ್ಕೆ ಹಿಂದೆ 63 ಎಂಬ ಹೆಸರಿತ್ತು. ದಾರಿಯು ಮಾತ್ರ ಹಳೆಯದು. ಸುಮಾರು 130 ಕಿಲೋಮೀಟರುಗಳ ಈ ಭಾಗವನ್ನು ನಾವು ಈಚೆಗೆ ಮೋಟಾರಿನಲ್ಲಿ ಕ್ರಮಿಸಿದೆವು. ಅರ್ಧ ದಿನದ ಪ್ರಯಾಣವಾದರೂ ಅಲ್ಲಿ ಕಂಡುದನ್ನು ವಾಚಕರ ಮುಂದಿಡುವುದು ಅವಶ್ಯವೆಂದು ತೋರಿತು.

ಈ ದಾರಿಯು ಹುಟ್ಟಿದುದು ಪ್ರಜೆಗಳ ಸೌಕರ್ಯಕ್ಕಾಗಿ ಅಲ್ಲ. ಅಮೇರಿಕದ ಅಂತರ್ಯುದ್ಧದಿಂದ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಸಾಲದೆ ಹೋದಾಗ ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡ ಸೀಮೆಯ ಕರಿಮಣ್ಣಿನ ಮೇಲೆಯೂ ಕಾರವಾರದ ಬಂದರದ ಮೇಲೆಯೂ ಬಿದ್ದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಹೊಲವೂ ಬಂದರವೂ ಒಂದೇ ಸರಕಾರದ ಕೈಗೆ ಬಂದವು. ಮುಂದಿನ ವರ್ಷಗಳಲ್ಲಿ ಹತ್ತಿಯ ಅಂಡಿಗೆಗಳನ್ನು ಹೊತ್ತ ಬಂಡಿಗಳು ಘಟ್ಟವಿಳಿದವು. ಧಾರವಾಡದ ರೈತನು ಬೆಳೆದ ಹತ್ತಿಗೆ ವಿಲಾಯತಿಯ ಪೇಟೆಯಲ್ಲಿ 'ಕುಮಟಾ' ಎಂದು ಹೆಸರು! ಬೆಳೆದವನ ಊರಿನ ಹೆಸರು ಬಂದರದ ಹೆಸರಿನಲ್ಲಿ ಮುಳುಗಿಹೋಯಿತು. ಆದರೆ ಬಂದರಗಳ ಭಾಗ್ಯವೂ ಬಹುಕಾಲ ನಿಲ್ಲಲಿಲ್ಲ. 1880ರ ದಶಕದ ಕೊನೆಗೆ ಕ್ಯಾಸಲ್ ರಾಕಿನ ಮೇಲಿಂದ ಪೋರ್ತುಗೀಜರ ಮಾರ್ಮಗೋವೆಗೆ ರೈಲು ಇಳಿಯಿತು. ಹತ್ತಿಯು ಅದರ ಬೆನ್ನು ಹತ್ತಿತು. ಕಾರವಾರ ಕುಮಟೆಗಳು ಬಡವಾದವು.

ಕಲಘಟಗಿಯವರೆಗೆ ಬಯಲು. ಆ ಸೀಮೆಯಲ್ಲಿ ಬೇಡ್ತಿ ಹೊಳೆಯು ಧಾರವಾಡದ ಸೋಮೇಶ್ವರದಿಂದ ಬರುವ ಶಾಲ್ಮಲೆಯನ್ನು ಕೂಡಿಕೊಂಡು ಪಡುವಣಕ್ಕೆ ತಿರುಗುತ್ತದೆ. ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಅದು ಧುಮುಕುತ್ತದೆ. ನಮ್ಮ ದಾರಿಯು ಅರಬೈಲ ಘಟ್ಟದಲ್ಲಿ ಸುತ್ತಿ ಸುತ್ತಿ ಇಳಿಯುತ್ತದೆ. ಕೆಳಗೆ ಎರಡೂ ಮತ್ತೆ ಒಂದನ್ನೊಂದು ಕಾಣುತ್ತವೆ. ಅಷ್ಟರಲ್ಲಿ ಹೊಳೆಯು ಗಂಗಾವಳಿಯಾಗಿರುತ್ತದೆ.

ಈ ಘಟ್ಟದಲ್ಲಿ ಸಾರಥಿಗೆ ನಿಧಾನವಾಗಿ ಹೋಗೆಂದು ಹೇಳಬೇಕಾಗಲಿಲ್ಲ. 2025ರ ಜನವರಿ 22, ಬುಧವಾರ, ಬೆಳಗಿನ ಜಾವ ಸವಣೂರಿನಿಂದ ಕುಮಟೆಯ ಸಂತೆಗೆ ಹಣ್ಣು ಕಾಯಿಪಲ್ಲೆಗಳನ್ನು ತುಂಬಿಕೊಂಡು ಹೊರಟಿದ್ದ ಲಾರಿಯು ಇಲ್ಲಿಯೇ ಕಂದಕಕ್ಕೆ ಉರುಳಿತು. ಹತ್ತು ಮಂದಿಗೆ ಕಡಮೆಯಿಲ್ಲದೆ ಮಡಿದರು. ಮಡಿದವರು ಸರಕಿನೊಡನೆ ಅದೇ ಲಾರಿಯಲ್ಲಿ ಕುಳಿತು ಹೊರಟ ವ್ಯಾಪಾರಿಗಳು. ಜನರು ಸರಕಿನ ಲಾರಿಯಲ್ಲಿ ಕೂಡ್ರಬಾರದೆಂಬ ಕಾಯಿದೆಯನ್ನು ಆಗ ಹಲವರು ನೆನಪಿಸಿದರು. ಕಾಯಿದೆಯು ಸರಿಯೇ. ಆದರೆ ದಿನದ ಬಂಡವಾಳವನ್ನೆಲ್ಲ ಒಂದು ಲಾರಿಗೆ ಹೇರಿದ ಬಡ ವ್ಯಾಪಾರಿಯು ಅದನ್ನು ಬಿಟ್ಟು ಬೇರೆ ಹೇಗೆ ಬರಬೇಕು? ನಡುರಾತ್ರಿಯಲ್ಲಿ ಯಾವ ಬಂಡಿಯನ್ನು ಹಿಡಿಯಬೇಕು? ಸಂತೆಯ ಹಿಂದಿನ ರಾತ್ರಿ ಸರಕಿನ ಲಾರಿಗಳ ಬೆನ್ನಿಗೆ ಸವಣೂರಿನಿಂದ ಒಂದು ಬಸ್ಸನ್ನು ಓಡಿಸುವುದು ಸಾರಿಗೆ ಸಂಸ್ಥೆಗೆ ಅಸಾಧ್ಯವಾದ ಕೆಲಸವೆಂದು ನಾವು ಒಪ್ಪಲಾರೆವು.

ರೈಲು ಬರಲಿ, ಎಲ್ಲವೂ ಸರಿಹೋಗುವುದೆಂದು ಹುಬ್ಬಳ್ಳಿಯ ಮಿತ್ರರು ಹೇಳುತ್ತಾರೆ. ಹುಬ್ಬಳ್ಳಿ-ಅಂಕೋಲಾ ರೈಲು ಮಂಜೂರಾದುದು 1990ರ ದಶಕದ ಕೊನೆಯಲ್ಲಿ. ಎರಡು ಲಕ್ಷಕ್ಕೂ ಮಿಕ್ಕಿದ ಮರಗಳು ಹೋಗುವವೆಂಬ ಲೆಕ್ಕ ಒಂದು ಕಡೆ, ಬಂದರವಿಲ್ಲದ ಉತ್ತರ ಕರ್ನಾಟಕದ ಹಸಿವು ಇನ್ನೊಂದು ಕಡೆ. ವಾದವು ಕೋರ್ಟು ಕಚೇರಿಗಳನ್ನು ಸುತ್ತಿದೆ. ಎರಡು ಪಕ್ಷಗಳಲ್ಲಿಯೂ ಸತ್ಯವುಂಟು. ಆದರೆ ಬರಲಿರುವ ರೈಲಿನ ಹೆಸರಿನಲ್ಲಿ ಇರುವ ರಸ್ತೆಯನ್ನು ಮರೆಯುವುದಕ್ಕೆ ಯಾವ ಪಕ್ಷದಲ್ಲಿಯೂ ಸಮರ್ಥನೆಯಿಲ್ಲ.

ಈ ರಸ್ತೆಯು ಸಾಕಷ್ಟು ಹೊತ್ತಿದೆ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ ಸೀಮೆಯ ಕಬ್ಬಿಣದ ಅದಿರು ಇದೇ ಘಟ್ಟದಲ್ಲಿ ಲಾರಿ ಲಾರಿಯಾಗಿ ಇಳಿದು ಅಂಕೋಲೆಯ ನೆರೆಯ ಬೇಲೆಕೇರಿಯಲ್ಲಿ ಹಡಗೇರಿತು. 2010ರಲ್ಲಿ ಅಲ್ಲಿ ಮುಟ್ಟುಗೋಲು ಹಾಕಿದ ರಾಶಿಗಳೇ ಮಾಯವಾದ ಕಥೆಯನ್ನೂ, ಮರುವರ್ಷದ ಲೋಕಾಯುಕ್ತರ ವರದಿಯನ್ನೂ ವಾಚಕರು ಮರೆತಿರಲಾರರು. ಹತ್ತಿಯನ್ನು ಒಯ್ದವರು ಪರದೇಶಿಗಳು; ಅದಿರನ್ನು ಒಯ್ದವರು ನಮ್ಮವರೇ. ರಸ್ತೆಗೆ ಉಳಿದುದು ಎರಡು ಸಲವೂ ಕುಳಿಗಳೇ.

ಇದೇ ಅಂಕೋಲೆಯಲ್ಲಿಯೇ 1930ರ ಏಪ್ರಿಲ್ 13ರಂದು ಶ್ರೀ ಎಂ. ಪಿ. ನಾಡಕರ್ಣಿಯವರು ಉಪ್ಪಿನ ಕಾಯಿದೆಯನ್ನು ಮುರಿದರು. ಕನ್ನಡ ನಾಡಿನ ನಾನಾ ಕಡೆಗಳಿಂದ ಸತ್ಯಾಗ್ರಹಿಗಳು ಈ ಸಣ್ಣ ಊರಿಗೆ ಬಂದು ಸೇರಿದರು. ಅನಂತರ ಕರನಿರಾಕರಣೆಯಲ್ಲಿ ಇಲ್ಲಿಯ ರೈತರು ಹೊಲ ಮನೆ ದನಗಳ ಜಪ್ತಿಯನ್ನು ಎದುರಿಸಿದರು. ಕರ್ನಾಟಕದ ಬಾರ್ಡೋಲಿಯೆಂಬ ಹೆಸರನ್ನು ಈ ಊರು ಬೆಲೆ ತೆತ್ತೇ ಪಡೆಯಿತು. ಹೆದ್ದಾರಿಯು ಮುಗಿಯುವುದಕ್ಕೆ ಇದಕ್ಕಿಂತ ಯೋಗ್ಯವಾದ ಸ್ಥಳವು ನಮಗೆ ತೋಚದು.

ಅಲ್ಲಿಂದ ತೆಂಕಣಕ್ಕೆ ಕರಾವಳಿಯ 66ನೆಯ ಹೆದ್ದಾರಿಯಲ್ಲಿ ತುಸು ದೂರ ಹೋದರೆ ಶಿರೂರು. 2024ರ ಜುಲೈ 16ರಂದು ಅಲ್ಲಿ ಗುಡ್ಡವು ಕುಸಿದು ರಸ್ತೆಯಂಚಿನ ಚಹದಂಗಡಿಯನ್ನೂ, ನಿಂತ ಬಂಡಿಗಳನ್ನೂ, ಮನುಷ್ಯರನ್ನೂ ಗಂಗಾವಳಿಗೆ ತಳ್ಳಿತು. ಅದೇ ಗಂಗಾವಳಿ, ಕಲಘಟಗಿಯಿಂದ ನಮ್ಮ ಜೊತೆಗೆ ಬಂದುದು. ಒಂದು ಲಾರಿಯನ್ನು ಅದರ ಚಾಲಕನ ಅವಶೇಷದೊಡನೆ ಮೇಲೆತ್ತಲು ಎಪ್ಪತ್ತಕ್ಕೂ ಹೆಚ್ಚು ದಿನಗಳು ಹಿಡಿದವು. ಅರಬೈಲಿನ ಇಳಿಜಾರೂ 2021ರ ಮಳೆಗೆ ಜರಿದುದುಂಟು. ರಸ್ತೆಗಾಗಿ ಕಡಿದ ಗುಡ್ಡವು ಎಷ್ಟು ನೀರನ್ನು ತಾಳಬಲ್ಲುದೆಂಬುದು ಜ್ಯೋತಿಷ್ಯದ ವಿಷಯವಲ್ಲ, ಅಳತೆಯ ವಿಷಯ. ಪ್ರತಿ ವರ್ಷವೂ ಮೃಗಶಿರ ಮಳೆಗೆ ಮುಂಚೆ ಅರಬೈಲಿನಿಂದ ಶಿರೂರಿನ ತನಕ ಕಡಿದ ಗುಡ್ಡಗಳನ್ನೆಲ್ಲ ಪರೀಕ್ಷಿಸಿ, ಅಪಾಯದ ಸ್ಥಳಗಳ ಪಟ್ಟಿಯನ್ನು ಆಯಾ ಗ್ರಾಮ ಪಂಚಾಯತಿಯ ಕಟ್ಟೆಯಲ್ಲಿ ಕನ್ನಡದಲ್ಲಿ ಅಂಟಿಸಬೇಕೆಂದು ಕಾರವಾರದ ಜಿಲ್ಲಾಧಿಕಾರಿಗಳನ್ನೂ ಹೆದ್ದಾರಿಯ ಅಧಿಕಾರಿಗಳನ್ನೂ ಕೇಳುತ್ತೇವೆ.